ಗವಾಕ್ಷಿಯಲ್ಲಿ ಓಬಳೇಶಪ್ಪನ ತಲೆ

“ಒಂದು ಡಿಶ್ ಛತ್ರಿ ತಿರುಗಿಸಾಕ ಕಾನಹೊಸಹಳ್ಳಿಯಿಂದ ಮೆಕ್ಯಾನಿಕ್ ಬರಬೇಕೇನು? ನನಗ ಕೈ ಇಲ್ಲೇನು?”

ಗುಡೇಕೋಟೆ ಕಡೆಯ ಓಬಳೇಶಪ್ಪ ಹೀಗೆ ಗುಡುಗಿದ್ದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ನಿಜ ಹೇಳಬೇಕೆಂದರೆ ಆಗ ಅವನ ಮನೆಯ ಟಿವಿ ಬರುತ್ತಲೇ ಇತ್ತು. ಆಗೊಮ್ಮೆ ಈಗೊಮ್ಮೆ ಚಿತ್ರ ಚೂರುಚೂರಾಗಿ ನಿಂತು, ತಾನಾಗಿಯೇ ಸರಿಹೋಗುತ್ತಿತ್ತು. ಬೇರೆಯವರಾಗಿದ್ದರೆ ಸುಮ್ಮನಿರುತ್ತಿದ್ದರು. ಆದರೆ ಸುಮ್ಮನಿರುವ ವಿದ್ಯೆಯೊಂದನ್ನು ಬಿಟ್ಟು ಓಬಳೇಶಪ್ಪ ಮಿಕ್ಕಿದ್ದೆಲ್ಲವನ್ನೂ ಬಲ್ಲವನು.

ಅವತ್ತು ಐದೂವರೆಗೆ ಅವನ ಹೆಂಡತಿ ಜಂಬಕ್ಕ ಟಿವಿಯಲ್ಲಿ ಬರುವವಳಿದ್ದಳು. ತಾಯಿ ಸತ್ತ ಮರಿಗಳಿಗೆ ಬಾಟಲಿ ಹಾಲು ಕುಡಿಸಿ, ಮೂರು ಕುರಿಗಳಿದ್ದ ಹಟ್ಟಿಯನ್ನು ಅರವತ್ತಕ್ಕೆ ಏರಿಸಿದ ಹೆಣ್ಣುಮಗಳೆಂದು ಕೃಷಿ ಕಾರ್ಯಕ್ರಮದವರು ಹೋದ ತಿಂಗಳು ಬಂದು ಚಿತ್ರ ತೆಗೆದುಕೊಂಡು ಹೋಗಿದ್ದರು. ಸೋಮವಾರ ಬರುತ್ತೇವೆಂದವರು ಶನಿವಾರವೇ ಬಂದುಬಿಟ್ಟರು. ಆ ಹೊತ್ತಿಗೆ ಓಬಳೇಶಪ್ಪ ಕೊಟ್ಟೂರಿನ ಒಂದು ಮದುವೆಯಲ್ಲಿ ಎರಡನೇ ಸಲ ಪಾಯಸ ಬಡಿಸಿಕೊಳ್ಳುತ್ತಿದ್ದ. ಆ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ.

ಪುಣ್ಯಕ್ಕೆ ಹೆಂಡತಿಗೆ ಪಾಠ ಮಾತ್ರ ಮೊದಲೇ ಮಾಡಿಟ್ಟಿದ್ದ. “ಇದಕ್ಕೆಲ್ಲ ನಮ್ಮ ಮನಿಯವ್ರು ಓಬಳೇಶಪ್ಪನವ್ರ ಕಾರಣ ಅಂತ ಹೆಸರು ಹಿಡಿದು ಹೇಳು. ಗಂಡನ ಹೆಸರು ಹೇಳಬಾರದು ಅನ್ನೋದು ಮನಿಯಾಗ. ಟಿವಿಯಾಗ ಹೇಳಿದ್ರ ದೋಷ ಇಲ್ಲ.”

ಹೇಳಿದಳೋ ಇಲ್ಲವೋ? ತಿಂಗಳಿಂದ ಅವನು ಕೇಳುತ್ತಲೇ ಇದ್ದ. ಅವಳದು ಒಂದೇ ಉತ್ತರ: “ಟಿವಿಯಾಗ ನೋಡಿದ್ರ ಗೊತ್ತಾಗ್ತೈತಲ್ರಿ.” ಹೇಳಿಯೇ ಇರುತ್ತಾಳೆಂದು ತಾನೇ ತೀರ್ಮಾನಿಸಿ, ತನ್ನ ಹೆಸರು ಕೇಳುವುದಕ್ಕೆ ಎಲ್ಲರೂ ತಪ್ಪದೆ ಬರಬೇಕೆಂದು ಓಣಿಗೆಲ್ಲ ಕರೆ ಕೊಟ್ಟಿದ್ದ.

ಅಂಥ ಹೆಸರು ಟಿವಿಯಲ್ಲಿ ಚೂರುಚೂರಾಗಿ ಬಂದರೆ ಹೇಗೆ? ಪಂಚೆ ಎತ್ತಿ ಕಟ್ಟಿ ಮಾಳಿಗೆ ಹತ್ತಿದ. ಕೆಳಗಿನ ಪಡಸಾಲೆಗೆ ಬೆಳಕು ಬೀಳಲೆಂದು ಆ ಮಣ್ಣಿನ ಮಾಳಿಗೆಯಲ್ಲಿ ಒಂದು ಗವಾಕ್ಷಿ ಬಿಟ್ಟಿದ್ದರು. ಅದಕ್ಕೆ ಅಡ್ಡಲಾಗಿ ಎರಡು ಕಬ್ಬಿಣದ ಸರಳುಗಳಿದ್ದವು. ಛತ್ರಿ ನಿಂತಿದ್ದುದು ಅದರ ಪಕ್ಕದಲ್ಲೇ. ಓಬಳೇಶಪ್ಪ ಹೋದವನೇ ಛತ್ರಿಯ ನೆತ್ತಿಗೆ ಎರಡು ಬಿಗಿದ. ನಟ್ಟು ಸಡಿಲಾಯಿತು, ಛತ್ರಿ ಕತ್ತು ಚೆಲ್ಲಿತು. ಕೆಳಗೆ ಟಿವಿಯಲ್ಲಿ ‘ಸಿಗ್ನಲ್ ಇಲ್ಲ’ ಎಂಬ ಎರಡು ಪದಗಳು ಮಾತ್ರ ಉಳಿದವು. ಅವು ಮಾತ್ರ ಬಹಳ ಸ್ಪಷ್ಟವಾಗಿ ಬರುತ್ತಿದ್ದವು.

“ಹೊನ್ನೂರಸ್ವಾಮಿಗೆ ಫೋನ್ ಮಾಡ್ಲೇನ್ರಿ?” ಜಂಬಕ್ಕ ಅಂಗಳದಿಂದ ಕೇಳಿದಳು. ಹೊನ್ನೂರಸ್ವಾಮಿ ಎಂದರೆ ಅದೇ ಕಾನಹೊಸಹಳ್ಳಿಯ ಮೆಕ್ಯಾನಿಕ್.

“ಮಾಡಿದ್ರ ಆ ಫೋನೂ ಒಡೀತೀನಿ.”

ತಪ್ಪು ಯಾರದಾದರೂ ಆಗಲೇಬೇಕಲ್ಲ. ಅದು ಪಕ್ಕದ ಮನೆಯ ನಾಗಲಿಂಗಮ್ಮನ ಬೇವಿನ ಮರದ್ದೆಂದು ಓಬಳೇಶಪ್ಪ ಪತ್ತೆ ಹಚ್ಚಿದ.

“ನಿಮ್ಮ ಮರ ನಮ್ಮ ಟಿವಿಗೆ ಅಡ್ಡ ಬಂದೈತಿ ನೋಡ್ರಿ.”

“ಮರ ನಮ್ಮ ಮಾವನ ಕಾಲದ್ದು, ನಿಮ್ಮ ಛತ್ರಿ ಹೋದ ವರ್ಷದ್ದು,” ಅಂದಳು ನಾಗಲಿಂಗಮ್ಮ. “ಯಾವುದು ಯಾವುದಕ್ಕ ಅಡ್ಡ ಬಂತು, ನೀವ ಹೇಳ್ರಿ.”

ಓಬಳೇಶಪ್ಪ ಮಾಳಿಗೆ ಮೇಲಿನಿಂದಲೇ ಕುಡಗೋಲು ಬೀಸಿದ. ಕೊಂಬೆ ಮುರಿದು ನೇರ ಅವಳ ಅಂಗಳದಲ್ಲಿ ಒಣಗುತ್ತಿದ್ದ ಸಂಡಿಗೆಯ ಮೇಲೆ ಬಿತ್ತು. ಆಮೇಲೆ ನಾಗಲಿಂಗಮ್ಮ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಟಿವಿಯಲ್ಲಿ ಮಾತ್ರ ಅವೇ ಎರಡು ಪದಗಳಿದ್ದವು.

ಐದು ಗಂಟೆಗೆ ಪಡಸಾಲೆ ತುಂಬಿತು. ಸಂಡಿಗೆಯ ಲೆಕ್ಕ ಕೇಳಲು ನಾಗಲಿಂಗಮ್ಮನೂ ಬಂದು ಮುಂದಿನ ಸಾಲಿನಲ್ಲೇ ಕುಳಿತಳು. “ಮೊಬೈಲ್‌ನಾಗ ನೋಡಿದ್ರಾತಪ್ಪ,” ಅಂದ ಓಬಳೇಶಪ್ಪನ ಗೆಳೆಯ ಮರುಳಪ್ಪ. “ಅಂಗೈಯಗಲ ಪರದೆಯಾಗ ನೋಡಾಕ ನಿಮ್ಮನ್ನ ಕರೆದೀನೇನು?” ಎಂದು ಮಾಳಿಗೆ ಮೇಲಿನಿಂದ ಉತ್ತರ ಬಂತು.

ಛತ್ರಿಯನ್ನು ಒಂದಿಷ್ಟು ತಿರುಗಿಸಿ ಅವನು ಕೂಗಿದ: “ಬಂತೇನು?”

“ಬಂತು,” ಅಂದ ಮರುಳಪ್ಪ.

“ಹೋತು,” ಅಂದಳು ನಾಗಲಿಂಗಮ್ಮ.

“ಬಂದಂಗಾಗಿ ಹೋತು,” ಅಂದರು ಹಿಂದಿನವರು.

ಓಬಳೇಶಪ್ಪನ ನೆತ್ತಿ ಕಾದುಹೋಯಿತು. ಇಡೀ ಓಣಿಗೆ ಕಣ್ಣಿಲ್ಲವೆಂದ ಮೇಲೆ ತನ್ನ ಕಣ್ಣನ್ನೇ ಇಳಿಸಬೇಕು! ಬೋರಲು ಮಲಗಿ, ಎರಡು ಸರಳುಗಳ ನಡುವೆ ತಲೆಯನ್ನು ಬಲವಾಗಿ ತೂರಿಸಿದ. ಪಡಸಾಲೆಯ ಜಂತಿಯ ಕೆಳಗೆ ಅವನ ಮುಖ ತಲೆಕೆಳಗಾಗಿ ಪ್ರತ್ಯಕ್ಷವಾಯಿತು. ಕೈ ಛತ್ರಿಗೆ ಎಟುಕದೆ ಬಲಗಾಲಿನಿಂದ ಮೆಲ್ಲಗೆ ಒತ್ತಿದ. ಚಿತ್ರ ಬಂತು, ಧ್ವನಿಯೂ ಬಂತು. ಸಮಯ ಐದೂವರೆ.

“ಯಾರಿಗೆ ಕೈ ಇಲ್ಲ ಅಂದ್ರಿ?” ಎಂದು ಯಾರೂ ಅನ್ನದ ಮಾತಿಗೆ ಉತ್ತರ ಕೊಟ್ಟು ತಲೆ ಹಿಂದಕ್ಕೆಳೆದ. ಕಿವಿಗಳು ಸರಳಿಗೆ ಸಿಕ್ಕಿಕೊಂಡವು. ಒದ್ದಾಡಿದ. ಕಾಲು ಸರಿದು ಚಿತ್ರ ಹೋಯಿತು.

“ಅಲುಗಾಡಬ್ಯಾಡೋ ಮಾರಾಯ. ಹಂಗ ಇರು,” ಅಂದ ಮರುಳಪ್ಪ.

“ತಲಿ ಸಿಕ್ಕೈತಲೇ.”

“ಕಾರ್ಯಕ್ರಮ ಮುಗೀಲಿ, ಬಿಡಿಸಿದ್ರಾತು,” ಅಂದಳು ನಾಗಲಿಂಗಮ್ಮ. ಸಂಡಿಗೆಯ ಲೆಕ್ಕ ಅವಳು ಅಲ್ಲಿಗೇ ಚುಕ್ತಾ ಮಾಡಿಕೊಂಡಳು.

ಹಲ್ಲು ಕಚ್ಚಿ ಓಬಳೇಶಪ್ಪ ಮತ್ತೆ ಕಾಲು ಒತ್ತಿದ. ಪರದೆಯ ಮೇಲೆ ಹಸಿರು ಸೀರೆಯ ಜಂಬಕ್ಕ ಬಂದಳು, ಪಕ್ಕದಲ್ಲೊಂದು ಕೊಬ್ಬಿದ ಟಗರು.

“ಯಜಮಾನ್ರ ಹೆಸರೇನಮ್ಮಾ?” ಎಂದು ಕೇಳಿದರು ಟಿವಿಯವರು. ಮೇಲೆ ಓಬಳೇಶಪ್ಪ ಉಸಿರು ಹಿಡಿದ. ಇದೊಂದಕ್ಕೇ ಅವನ ತಿಂಗಳ ತಪಸ್ಸು.

“ಗಂಡನ ಹೆಸರು ಹೇಳಂಗಿಲ್ರಿ ನಮ್ಮಲ್ಲಿ,” ಎಂದು ಪರದೆಯ ಜಂಬಕ್ಕ ನಕ್ಕಳು.

ಅವನ ಮುಖಕ್ಕೆ ಮೊದಲೇ ಇಳಿದಿದ್ದ ರಕ್ತ ಈಗ ಕುದಿಯಿತು. ಬೈಯಬೇಕೆಂದರೆ ಕೆಳಗೆ ಬಾಗಿಲಲ್ಲಿ ನಿಂತ ಜಂಬಕ್ಕ ಅವನತ್ತ ನೋಡುತ್ತಲೇ ಇರಲಿಲ್ಲ.

“ಇಷ್ಟು ದೊಡ್ಡ ಟಗರು. ಸಿಟ್ಟು ಬಂದ್ರೆ ಹೇಗೆ ಸಂಭಾಳಿಸ್ತೀರಿ?” ಎಂದರು ಟಿವಿಯವರು.

“ಸಿಟ್ಟು ಬಂದಾಗ ತಡೀಬಾರದ್ರಿ. ಅದು ಕಂಡಕಂಡದ್ದಕ್ಕೆಲ್ಲ ಹಾಯ್ತೈತಿ, ಮರಕ್ಕೂ ಹಾಯ್ತೈತಿ. ಕಡೀಕ ಎಲ್ಲೋ ಬೇಲಿಯಾಗ ತಲಿ ತೂರಿಸಿ ಸಿಕ್ಕೊಂತೈತಿ. ಅವಾಗ ಎಳೀಬಾರದು. ಕಿವಿಗೆ ಎಣ್ಣಿ ಹಚ್ಚಿ, ಹಣಿ ಹಿಡಿದು ಹಿಂದಕ್ಕ ನೂಕಬೇಕ್ರಿ. ಅಷ್ಟೊತ್ತಿಗೆ ಸಿಟ್ಟೂ ಇಳಿದಿರ್ತೈತಿ.”

ಪಡಸಾಲೆಯ ಮಂದಿ ಟಿವಿಯನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ತಲೆಯೆತ್ತಿ ಮೇಲೆ ನೋಡಿದರು.

“ಈ ಟಗರು ತಂದು ಎಷ್ಟು ವರ್ಷ ಆಯ್ತಮ್ಮಾ?”

“ಟಗರು ತಂದು ಮೂರು ವರ್ಷ ಆತ್ರಿ. ಸಂಭಾಳಿಸೋದು ಕಲ್ತು ಇಪ್ಪತ್ತೆರಡು ವರ್ಷ.”

ಮರುಳಪ್ಪ ಬೆರಳು ಮಡಚಿ ಎಣಿಸಿದ. “ನಿನ್ನ ಮದುವಿ ಆಗಿ ಎಷ್ಟು ವರ್ಷ ಆತೋ ಓಬಳೇಶಾ?”

ಜಂತಿ ಅದುರುವಂತೆ ನಗು ಎದ್ದಿತು. ನಾಗಲಿಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಾಲು ತೆಗೆದರೆ ಟಿವಿ ನಿಲ್ಲುತ್ತಿತ್ತು, ಆದರೆ ಓಬಳೇಶಪ್ಪನ ಕಾಲು ಮರಗಟ್ಟಿ ಅಲ್ಲೇ ಅಂಟಿಕೊಂಡಿತ್ತು. ತನ್ನ ಮಾನ ಹೋಗುವುದನ್ನು ತಾನೇ ಸಿಗ್ನಲ್ ಹಿಡಿದುಕೊಟ್ಟು ಕೊನೆಯವರೆಗೂ ನೋಡಿದ.

ಕಾರ್ಯಕ್ರಮ ಮುಗಿದ ಮೇಲೆ ಜಂಬಕ್ಕ ಎಣ್ಣೆಯ ಬಟ್ಟಲು ಹಿಡಿದು ಮಾಳಿಗೆ ಹತ್ತಿದಳು. ಸರಳಿನ ಸಂದಿಯಲ್ಲಿ ಬೆರಳು ಇಳಿಸಿ ಎರಡೂ ಕಿವಿಗೆ ಎಣ್ಣೆ ಹಚ್ಚಿ, ಹಣೆ ಹಿಡಿದು ಹಿಂದಕ್ಕೆ ನೂಕಿದಳು. ತಲೆ ಸಲೀಸಾಗಿ ಬಂತು.

“ಹೊನ್ನೂರಸ್ವಾಮಿಗೆ ಫೋನ್ ಮಾಡ್ಲೇನ್ರಿ?”

“ಮಾಡು,” ಅಂದ ಓಬಳೇಶಪ್ಪ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಕಿವಿ ಉಜ್ಜಿಕೊಳ್ಳುತ್ತಾ ಕೇಳಿದ: “ಅಷ್ಟು ಹೇಳಿಕೊಟ್ಟಿದ್ನಲ್ಲ, ನನ್ನ ಹೆಸರೊಂದು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?”

ಜಂಬಕ್ಕ ಬಟ್ಟಲು ಎತ್ತಿಕೊಂಡು ಮೆಟ್ಟಿಲಿಗೆ ಕಾಲಿಟ್ಟಳು.

“ಹೇಳಿದ್ರ ಹಡಗಲಿ, ಹರಪನಹಳ್ಳಿ ಮಂದಿಗೂ ಯಾವ ಟಗರು ಅಂತ ಗೊತ್ತಾಗ್ತಿತ್ತಲ್ರಿ. ನಿಮ್ಮ ಮಾನ ಉಳಿಸಾಕಂತ ನಾ ಬಾಯಿ ಮುಚ್ಚಿಕೊಂಡಿದ್ದೆ. ನೀವು ಓಣಿನೆಲ್ಲ ಕರೆಸಿ ತಲಿ ಹಾಕಿ ತೋರಿಸಿದ್ರಿ.”