ಲ್ಯಾಪ್‌ಟಾಪಿನ ಪೊರೆ

ಇದನ್ನು ಮಾಡಿಯೇ ತೀರುತ್ತೇನೆ ಅಂತ ನಾನು ಸೆರಗು ಸಿಗಿಸಿ ನಿಂತಾಗಲೆಲ್ಲ ನಮ್ಮ ಮನೆಯಲ್ಲಿ ಯಾರಾದರೊಬ್ಬರು ನಗುವಂಥದ್ದು ಆಗಿಯೇ ಆಗುತ್ತದೆ. ಆ ಒಬ್ಬರು ಯಾವತ್ತೂ ನಾನಾಗಿರುವುದಿಲ್ಲ, ಅಷ್ಟೇ. ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಕೆಳಗೆ ನಾಲ್ಕು ಪವರ್‌ಲೂಮ್. ಅವನ್ನು ಯಜಮಾನರು ನೋಡಿಕೊಳ್ಳುತ್ತಾರೆ. ಮೇಲಿನ ಕೋಣೆಯಲ್ಲಿ ಕೂತು ನಾನು ಲ್ಯಾಪ್‌ಟಾಪಿನಲ್ಲಿ ಸೀರೆಯ ಅಂಚು, ಸೆರಗಿನ ಡಿಸೈನ್ ಮಾಡುತ್ತೇನೆ. ಈ ಸಲ ಹಟ ಹಿಡಿದದ್ದು ಆ ಲ್ಯಾಪ್‌ಟಾಪಿನ ಮೇಲೆಯೇ.

೧. ಮೂಗುತಿ

ಡಿಸೈನ್ ಅಂದರೆ ಚೌಕುಳಿ ಹಾಳೆಯ ಮೇಲೆ ಚುಕ್ಕೆ ಇಟ್ಟ ಹಾಗೆ. ಒಂದು ಚುಕ್ಕೆ ತಪ್ಪಿದರೆ ಬಟ್ಟೆಯಲ್ಲಿ ಒಂದು ಎಳೆ ತಪ್ಪಿತು. ನನ್ನ ಲ್ಯಾಪ್‌ಟಾಪಿನ ಪರದೆ ಹೊಳೆಯದಿರಲಿ ಅಂತ ಅದರ ಮೇಲೆ ಕಂಪನಿಯವರೇ ಒಂದು ಮಸುಕು ಪದರು ಹಚ್ಚಿಕೊಟ್ಟಿದ್ದರು. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ಖರೆ. ಆದರೆ ಬಿಳಿ ಬಣ್ಣ ಹಾಕಿದರೆ ಮೇಲೆ ರವೆ ಉದುರಿಸಿದಂತೆ ಮಿಣಿಮಿಣಿ. ಒಂದು ಸೆರಗಿನಲ್ಲಿ ನವಿಲಿನ ಕೊಕ್ಕಿನ ಹತ್ತಿರ ಕೆಂಪು ಚುಕ್ಕೆ ಕಂಡಿತು. ಅದೂ ಈ ಮಿಣಿಮಿಣಿಯೇ ಇರಬೇಕೆಂದು ಬಿಟ್ಟುಬಿಟ್ಟೆ.

ವಾರದ ಮೇಲೆ, ನನ್ನ ಡಿಸೈನ್ ತೆಗೆದುಕೊಂಡು ನೇಯಿಸುವ ರಬಕವಿಯ ಸಾಹುಕಾರರ ಫೋನು ಬಂತು.

"ಅಕ್ಕಾರ, ನವಲಿಗೆ ಮೂಗುತಿ ಹಾಕೀರಲ್ಲ?"

ಆ ಕೆಂಪು ಚುಕ್ಕೆ ನೆನಪಾಯಿತು. "ಎಷ್ಟು ಸೀರಿ ನೇದಾವ್ರಿ?"

"ಹನ್ನೆರಡು. ಮೂಗುತಿ ಇರಲಿ ಬಿಡ್ರಿ, ಛಲೋನ ಕಾಣತೈತಿ. ಆದ್ರ ಅಷ್ಟು ದೊಡ್ಡ ಗರಿ ಬಿಚ್ಚಿ ಕುಣಿಯೂದು ಗಂಡ ನವಲರೀ. ಮಂದಿ ಕೇಳಿದ್ರ ಏನ ಹೇಳ್ಲಿ?"

೨. ಸಿಪ್ಪೆ

ಫೋನ್ ಇಟ್ಟವಳೇ ತೀರ್ಮಾನ ಮಾಡಿದೆ: ಆ ಪದರು ಹೋಗಬೇಕು. ಜಮಖಂಡಿಗೆ ಹೋಗಿ ಲ್ಯಾಪ್‌ಟಾಪ್ ರಿಪೇರಿ ಮಾಡುವವರ ಮುಂದೆ ಇಟ್ಟೆ.

"ಮ್ಯಾಲಿನ ಪದರ ತಗದ ಕೊಡ್ರಿ."

"ಅದು ಬರೂದಿಲ್ರಿ ಅಕ್ಕಾರ. ಅದು ಮೈಮ್ಯಾಲಿನ ತೊಗಲಿದ್ದಂಗ. ತೊಗಲ ಸುಲದ್ರ ಜೀವ ಉಳೀತೈತೇನ್ರಿ?"

"ಬಟಾಟಿ ಸಿಪ್ಪಿ ಸುಲದ್ರ ಬಟಾಟಿ ಉಳೀತೈತಲ್ರಿ?"

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಯೋಚಿಸಿದರು. "ಉಳೀತೈತ್ರಿ. ಆದ್ರ ಮುಂದ ಅದು ಪಲ್ಯಾನ ಆಗತೈತಿ."

೩. ಜ್ವರ

ಹಾಗಂದರೂ ಒಳ್ಳೆಯ ಮನುಷ್ಯ. "ಮೊದಲ ಇದರ ಮ್ಯಾಲ ಕೈ ತಿರುಗಿಸ್ಕೋರಿ" ಅಂತ ಗುಜರಿಗೆ ಹಾಕಬೇಕಿದ್ದ ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು. ಒದ್ದೆ ಬಟ್ಟೆ ಹಾಸಿ ಪದರು ನೆನೆಸಬೇಕು, ಆಮೇಲೆ ಮೂಲೆಯಿಂದ ಮೆಲ್ಲಗೆ ಎಬ್ಬಿಸಬೇಕು ಅಂತ ಮೊಬೈಲಿನಲ್ಲಿ ವಿಡಿಯೋ ನೋಡಿ ತಿಳಿದುಕೊಂಡಿದ್ದೆ. ಮೂರು ತಾಸು ನೆನೆಯಬೇಕು ಅಂತ ವಿಡಿಯೋದಲ್ಲಿ ಅಂದಿದ್ದರು. ನಾನು ಅರ್ಧ ತಾಸಿಗೇ ಎಳೆದೆ. ಪದರಿನ ಜೊತೆ ಅದರ ಕೆಳಗೆ ಚಿತ್ರ ಕಾಣಿಸುವ ಹಾಳೆಯೂ ಕಿತ್ತುಬಂತು. ಚಿತ್ರವೆಲ್ಲ ಮಾಯ, ಬರೀ ಬಿಳಿ ಬೆಳಕು. ಯಜಮಾನರು ಬಂದು ನೋಡಿ, "ಟ್ಯೂಬ್‌ಲೈಟ್ ಛಲೋ ಮಾಡೀದಿ. ಇನ್ನ ಬಿಡು" ಅಂದರು.

"ಬಿಡಂಗಿಲ್ರಿ" ಅಂದೆ.

ಮರುದಿನ ನನ್ನ ಲ್ಯಾಪ್‌ಟಾಪನ್ನೇ ಮಲಗಿಸಿದೆ. ಬ್ಯಾಟರಿ ತೆಗೆದಿಟ್ಟೆ. ಹಳೆಯ ಧೋತರದ ತುಂಡನ್ನು ಹಿಂಡಿ, ಅಂಚಿನಿಂದ ನೀರು ಒಳಗೆ ಇಳಿಯಬಾರದೆಂದು ನಾಲ್ಕೂ ಕಡೆ ಒಂದು ಬೆರಳಷ್ಟು ಜಾಗ ಬಿಟ್ಟು ಹಾಸಿದೆ. ಒಣಗಿದಂತೆ ಕಂಡಾಗ ನಾಲ್ಕು ಹನಿ ಚಿಮುಕಿಸುತ್ತ ಕಾವಲು ಕೂತೆ. ಅತ್ತೆ ಬಂದರು.

"ಏನಾತವಾ ಇದಕ್ಕ? ತಣ್ಣೀರ ಬಟ್ಟಿ ಹಾಕೀಯಲ್ಲ, ಜ್ವರಾ ಬಂದಾವೇನು?"

"ಜ್ವರಾ ಅಲ್ರಿ ಅತ್ತಿ. ಕಣ್ಣಾಗ ಪೊರಿ ಬಂದೈತಿ, ನೆನಸಿ ತಗ್ಯಾಕತ್ತೇನಿ."

ಹೋದ ವರ್ಷ ಅತ್ತೆಯ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. ಅವರು ಒದ್ದೆ ಬಟ್ಟೆ ನೋಡಿದರು, ನನ್ನ ಕೈಯಲ್ಲಿದ್ದ ಚಿಮಟ ನೋಡಿದರು, ಮೂಲೆಯಲ್ಲಿ ಬೆಳ್ಳಗಾಗಿ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪ್ ನೋಡಿದರು. ಎರಡೂ ಕೈ ಮುಗಿದು ಅಂದರು: "ಸದ್ಯ, ನನ್ನ ದವಾಖಾನಿಗೆ ಕರಕೊಂಡ ಹ್ವಾದ್ರಿ."

೪. ಕರೆಂಟ್

ಮೂರು ತಾಸು ಕಳೆಯಿತು. ಇನ್ನು ಮೂಲೆ ಎಬ್ಬಿಸಬೇಕು. ಕೆಳಗೆ ನಾಲ್ಕು ಮಗ್ಗ ಖಟಖಟ ಅನ್ನುತ್ತಿವೆ, ನೆಲ ನಡುಗುತ್ತಿದೆ, ನೆಲದ ಜೊತೆ ನನ್ನ ಕೈಯೂ ನಡುಗುತ್ತಿದೆ. ಮೆಟ್ಟಿಲ ಮೇಲಿಂದ ಕೂಗಿದೆ, "ಒಂದ ಹದಿನೈದು ಮಿನಿಟ ಮಗ್ಗ ನಿಲ್ಲಸ್ರಿ!"

"ಆರ್ಡರ್ ಐತಿ. ನಿನ್ನ ಪೊರಿ ಸಲುವಾಗಿ ಮಗ್ಗ ನಿಲ್ಲಸಲೇನು?"

ಇನ್ನೇನು ಮಾಡುವುದೆಂದು ಕೂತಾಗ ಕರೆಂಟೇ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಸುಮ್ಮನಾದವು. ಮಂದಿ ಹೊರಗೆ ಬಂದು ಕರೆಂಟಿನವರಿಗೆ ಬೈಯತೊಡಗಿದರು. ನಾನೊಬ್ಬಳೇ ಮೇಲೆ ಕೂತು, "ಬರಬ್ಯಾಡಪಾ, ಇನ್ನೊಂದ ಹತ್ತು ಮಿನಿಟ ಬರಬ್ಯಾಡ" ಅಂತ ಬೇಡಿಕೊಳ್ಳುತ್ತ ಮೂಲೆಗೆ ಉಗುರು ಹಾಕಿದೆ. ಹರಿದ ಎಳೆಗೆ ಗಂಟು ಹಾಕಿ ಪಳಗಿದ ಬೆರಳು. ಕಾಯ್ದ ಹಾಲಿನ ಕೆನೆಯಂತೆ ಪದರು ಎದ್ದಿತು, ಎಲ್ಲಿಯೂ ಹರಿಯದೆ ಈ ಮೂಲೆಯಿಂದ ಆ ಮೂಲೆಗೆ ಬಂತು. ಒರೆಸಿದೆ, ಪೂರ್ತಿ ಒಣಗಲು ಬಿಟ್ಟೆ, ಬ್ಯಾಟರಿ ಹಾಕಿ ಬಟನ್ ಒತ್ತಿದೆ. ಪರದೆ ಕಪ್ಪಗೇ ಇತ್ತು. ಆಮೇಲೆ ಬಣ್ಣ ಬಂತು ನೋಡಿ! ಬಿಳಿ ಬಿಳಿಯಾಗಿಯೇ ಇತ್ತು, ಒಂದೊಂದು ಚುಕ್ಕೆ ಎಣಿಸಬಹುದಿತ್ತು. ಕರೆಂಟ್ ಇನ್ನೂ ಬಂದಿರಲಿಲ್ಲ; ನಾನು ಚಪ್ಪಾಳೆ ಹೊಡೆದು ಕುಣಿಯುವುದು ಕೇಳಿ ಯಜಮಾನರು ಓಡಿ ಬಂದರು.

"ಕರೆಂಟ್ ಹ್ವಾದದ್ದಕ್ಕ ಕುಣದ ನೇಕಾರ್ತಿ ಇಡೀ ಬನಹಟ್ಟ್ಯಾಗ ನೀ ಒಬ್ಬಾಕಿನ!"

೫. ಬೆಲ್ಲ

ಯಜಮಾನರಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟಬಾರದು ಅಂತ ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. "ಮುಟ್ಟೇ ಇಲ್ರಿ" ಅಂತ ಇವರು ಪ್ರತಿ ಸಲ ಆಣೆ ಮಾಡುತ್ತಾರೆ, ಪ್ರತಿ ಸಲ ರಕ್ತದಲ್ಲಿ ಸಕ್ಕರೆ ಏರಿಯೇ ಇರುತ್ತದೆ. ಡಾಕ್ಟರು ಎರಡು ಸಲ ಗುಳಿಗೆ ಬದಲಿಸಿದರು. ನಾನು ಅನ್ನ ಬಿಡಿಸಿದೆ. ಅಡುಗೆಮನೆಯಲ್ಲಿ ಬೇಡವೆಂದು ಬೆಲ್ಲದ ಡಬ್ಬಿಯನ್ನು ನನ್ನ ಕೋಣೆಯಲ್ಲಿ, ನನ್ನ ಬೆನ್ನ ಹಿಂದಿನ ಕಪಾಟಿಗೇ ತಂದಿಟ್ಟೆ. ಆದರೂ ಸಕ್ಕರೆ ಇಳಿಯಲಿಲ್ಲ. ನನಗೆ ಖರೇನೇ ಹೆದರಿಕೆಯಾಗಿತ್ತು.

ಪೊರೆ ತೆಗೆದ ಮೂರನೆಯ ದಿನ. ದಿನದಂತೆ ಯಜಮಾನರು ಪ್ರೀತಿಯಿಂದ ಮೇಲೆ ಬಂದು, "ಎಲ್ಲೀತನಾ ಬಂತು ಡಿಸೈನು?" ಅಂತ ನನ್ನ ಹಿಂದೆ ನಿಂತರು. ನಾನು ಕಪ್ಪು ಸೀರೆಯೊಂದನ್ನು ತೆರೆದೆ. ಮಸುಕು ಹೋದ ಪರದೆ ಕನ್ನಡಿಯಾಗಿತ್ತು. ಕಪ್ಪು ಬಣ್ಣದೊಳಗೆ ಯಜಮಾನರು ಚೊಕ್ಕಾಗಿ ಕಂಡರು. ಬಾಯಿ "ಅಂಚು ಭಾರಿ ಆಗೈತಿ" ಅನ್ನುತ್ತಿದೆ, ಕೈ ಡಬ್ಬಿಯ ಮುಚ್ಚಳ ತೆಗೆಯುತ್ತಿದೆ.

ನಾನು ತಿರುಗಲಿಲ್ಲ. "ಆ ತುಣಕು ವಾಪಸ್ ಇಡ್ರಿ."

"ಯಾವ ತುಣಕು?"

"ಎಡಗೈಯಾಗಿಂದು. ಬಾಯಾಗಿಂದು ಹೋಗಲಿ ಬಿಡ್ರಿ."

ಅವರು ಬಹಳ ಹೊತ್ತು ನನ್ನ ತುರುಬನ್ನೇ ನೋಡುತ್ತ ನಿಂತಿದ್ದರು. ಅಲ್ಲಿ ಕಣ್ಣು ಎಲ್ಲಿದೆ ಅಂತ ಹುಡುಕುವವರಂತೆ.

ಮರುದಿನ ಜಮಖಂಡಿಗೆ ಹೋದವರು ಸುರುಳಿ ಸುತ್ತಿದ ಒಂದು ತೆಳು ಹಾಳೆ ತಂದು ನನ್ನ ಮುಂದಿಟ್ಟರು. ಬಿಚ್ಚಿ ನೋಡಿದೆ: ಲ್ಯಾಪ್‌ಟಾಪಿಗೆ ಅಂಟಿಸುವ ಮಸುಕು ಹಾಳೆ!

"ಇದನ್ನ ಹಚ್ಚಿಕೋ" ಅಂದರು, ನನ್ನ ಮುಖ ನೋಡದೆ. "ಅಷ್ಟು ಹೊಳಪು ಛಲೋ ಅಲ್ಲ. ನಿನ್ನ ಕಣ್ಣಿನ ಕಾಳಜಿ ನನಗೈತಿ."

ಮದುವೆಯಾಗಿ ಹದಿನೆಂಟು ವರ್ಷ. ನನ್ನ ಕಣ್ಣಿನ ಕಾಳಜಿ ಅವರಿಗೆ ಬಂದದ್ದು ಅದೇ ಮೊದಲ ಸಲ.