ಖಾಲಿ ಖುರ್ಚಿಗೆ ಸೆರಗು ಹೊದ್ದದ್ದು

ಮನೆ ಒಡೆಯುವ ಹೊತ್ತಿನಲ್ಲೇ ಮಂದಿ ನಗುವಂಥದ್ದು ನಡೆಯುತ್ತದೆ. ರೋಣದ ನಮ್ಮ ಮನೆಯಲ್ಲಂತೂ ಇದು ತಪ್ಪಿದ್ದಿಲ್ಲ. ನಾನು ಬಿ.ಎ. ಓದಿದವಳು, ನಡೆದದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವವಳು. ಹಾಗಾಗಿ ಇದರಲ್ಲಿ ಉಪ್ಪುಖಾರ ಹಚ್ಚಿದ್ದೇನೂ ಇಲ್ಲ.

ಸೊಸೆ ಗಜೇಂದ್ರಗಡದಲ್ಲಿ ಬಾಡಿಗೆ ಮನೆ ನೋಡಿ ಬಂದಿದ್ದಳು. ಅವಳು ಬಡಿದ ಪ್ರತಿ ರೊಟ್ಟಿಯ ಅಂಚನ್ನೂ ದಪ್ಪವಾಯಿತೇನೋ ಎಂದು ನಾನು ಮುಟ್ಟಿ ನೋಡುತ್ತೇನಂತೆ. ಬೇರೆ ಒಲೆ ಹೂಡುವ ಮುಂಚೆ ಒಂದು ಷರತ್ತು ಇಟ್ಟಳು: ಇಬ್ಬರೂ ನರಗುಂದದ ಆಪ್ತ ಸಮಾಲೋಚಕಿಯ ಹತ್ತಿರ ಹೋಗಬೇಕು.

ಒಳಗಿನ ಮಂದಿ

ಸಮಾಲೋಚಕಿ ನನ್ನ ಮಗಳ ವಯಸ್ಸಿನಾಕೆ. ಮನುಷ್ಯರೊಳಗೆ ಹಲವರಿರುತ್ತಾರೆ, ಅಂಜುವವಳು, ಕಾವಲು ಕಾಯುವವಳು, ಬೈಯುವವಳು ಎಂದು ಹೇಳಿ, ನನ್ನೊಳಗೆ ಯಾರ್ಯಾರಿದ್ದಾರೆಂದು ಕೇಳಿದಳು. ನನಗೆ ಸಿಟ್ಟು ಬಂತು.

“ನನ್ನೊಳಗ ನಾ ಒಬ್ಬಾಕೀನ ಇದ್ದೇನಿ.”

ಅಲ್ಲಿತನಕ ಗೋಡೆ ನೋಡುತ್ತಿದ್ದ ಸೊಸೆ ಬಾಯಿಬಿಟ್ಟಳು. “ಒಬ್ಬಾಕಿ ಇದ್ದಿದ್ರ ನಾ ಹ್ಯಾಂಗರ ಸಂಭಾಳಿಸ್ತಿದ್ದೆ ಬಿಡ್ರಿ, ಅತ್ತಿ.”

ಯಾರವ್ವಾ ನೀ?

ಸಿಟ್ಟು ಬಂದಾಗ ಒಳಗೆ ಎದ್ದವಳನ್ನು ಮಾತಾಡಿಸಬೇಕು ಎಂದು ಸಮಾಲೋಚಕಿ ಹೇಳಿ ಕಳಿಸಿದ್ದಳು. ಮರುದಿನ ಸೊಸೆಯ ರೊಟ್ಟಿಯ ಅಂಚು ದಪ್ಪ ಕಂಡಿತು. ಮುಂದೆ ಹೋದ ಕೈ ಹಿಂದಕ್ಕೆಳೆದುಕೊಂಡು, ಒಲೆಯ ಮುಂದೆ ಕೂತ ಸೊಸೆಯ ಎದುರೇ ನನ್ನೊಳಗಿನವಳನ್ನು ಗಟ್ಟಿಯಾಗಿ ಕೇಳಿದೆ: “ಯಾರವ್ವಾ ನೀ? ಯಾಕ ಬಂದಿ? ಏನ ಬೇಕ ನಿನಗ?”

ಹೆಪ್ಪು ಕೇಳಲು ಬಂದಿದ್ದ ನೆರೆಮನೆಯಾಕೆ, ನಾನು ಸೊಸೆಯನ್ನೇ ಕೇಳಿದೆನೆಂದುಕೊಂಡು ಬಾಗಿಲಿನಿಂದಲೇ ಓಡಿದಳು. ಸಂಜೆಗೆ ಓಣಿಯ ಹೆಂಗಸರು ಕಾಯಿ, ನಿಂಬೆಹಣ್ಣು ಹಿಡಿದು ಬಂದರು. ಸೊಸೆಯ ಮೈಮೇಲೆ ದೇವರು ಬಂದಿದೆಯೆಂದು ಸುದ್ದಿ. ಒಬ್ಬಾಕೆ ಅವಳ ಕಾಲಿಗೆ ಬಿದ್ದು, ಮಗಳ ಲಗ್ನ ಯಾವಾಗ ಕೂಡಿಬರುತ್ತದೆಂದು ಕೇಳಿಯೇಬಿಟ್ಟಳು.

ಸೊಸೆ ನನ್ನನ್ನೇ ನೋಡುತ್ತ ಅಪ್ಪಣೆ ಕೊಟ್ಟಳು. “ರೊಟ್ಟಿ ತೆಳ್ಳಗ ಬಡಿಯಾಕ ಕಲ್ತ ಮ್ಯಾಲ.”

ಖುರ್ಚಿ

ಮುಂದಿನ ಸಲ ನರಗುಂದದ ಬಸ್ಸಿನಲ್ಲಿ ಸೊಸೆ ಬೇರೆ ಸೀಟು ಹಿಡಿದು ಕೂತಳು. ಗಜೇಂದ್ರಗಡದ ಮನೆ ಮಾಲೀಕರಿಗೆ ಅಂದು ಸಂಜೆ ಮಾತು ಕೊಡುವವಳಿದ್ದಳು.

ಸಮಾಲೋಚಕಿ ನನ್ನೆದುರು ಖಾಲಿ ಖುರ್ಚಿ ಇಟ್ಟಳು. ರೊಟ್ಟಿಯ ಅಂಚು ಮುಟ್ಟುವವಳನ್ನು ಅದರಲ್ಲಿ ಕೂಡಿಸಿ, ಆ ದನಿ ಯಾರದೆಂದು ಕೇಳಿಸಿಕೊಳ್ಳಲು ಹೇಳಿದಳು. ಕೇಳಿಸಿತು. ಸವಡಿಯಿಂದ ಸೊಸೆಯಾಗಿ ಬಂದು ಈ ಮನೆ ಆಳಿ, ತೀರಿಹೋದ ನನ್ನ ಅತ್ತೆಯದು. ತಟ್ಟನೆ ಎದ್ದು ತಲೆತುಂಬ ಸೆರಗು ಹೊದ್ದೆ.

“ಕೂತ ಮಾತಾಡ್ರಿ, ಅಮ್ಮಾರ,” ಅಂದಳು ಸಮಾಲೋಚಕಿ.

“ಅತ್ತಿಯವರ ಮುಂದ ಖುರ್ಚಿ ಮ್ಯಾಲ ಹ್ಯಾಂಗ ಕುಂದ್ರಲಿ?”

ಖುರ್ಚಿ ಖಾಲಿಯೆಂದು ಬಿ.ಎ. ಓದಿದವಳಿಗೆ ಗೊತ್ತಿತ್ತು. ಮಂಡಿಗೆ ಗೊತ್ತಿರಲಿಲ್ಲ. ನೋಯುತ್ತಿದ್ದರೂ ನಿಂತೇ ಇದ್ದೆ. ಸೆರಗು ಬಿಗಿಹಿಡಿದು ಖುರ್ಚಿಗೆ ಹೇಳಿದೆ.

“ನನ್ನ ರೊಟ್ಟಿನೂ ಚಲೋ ಇರ್ತಿದ್ದುವ್ರಿ, ಅತ್ತಿ. ಒಂದ ದಿನಾನೂ ನೀವು ಅನ್ನಲಿಲ್ಲ.”

ಸೊಸೆ ಎದ್ದಳು. ಹೊರಟೇಬಿಟ್ಟಳು ಅಂದುಕೊಂಡೆ. ಅವಳು ಚೂಡಿದಾರದ ವೇಲನ್ನು ತಲೆಗೆ ಹೊದ್ದು, ನನ್ನ ಪಕ್ಕ ಬಂದು ನಿಂತು ಖುರ್ಚಿಗೆ ಕೈಮುಗಿದಳು.

“ಅಜ್ಜಿ, ನಮ್ಮತ್ತಿ ಮಂಡಿ ಭಾಳ ನೋಯಾಕತ್ತಾವ. ಕುಂದ್ರಾಕ ಅಪ್ಪಣಿ ಕೊಡ್ರಿ.”

ಕೂತೆ.

ತಿರುಗಿ ಬರುವಾಗ ಬಸ್ಸಿನಿಂದಲೇ ಗಜೇಂದ್ರಗಡಕ್ಕೆ ಫೋನ್ ಮಾಡಿ ಮನೆ ಬೇಡವೆಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನಾಳೆ ಅಡಗಿಮನಿಗೆ ಎಷ್ಟ ಮಂದಿ ಬರ್ತೀರಿ, ಈಗ ಹೇಳಿಬಿಡ್ರಿ. ಆ ಪ್ರಕಾರ ಹಿಟ್ಟು ನಾದ್ತೇನಿ.”

“ಒಬ್ಬಾಕೀನ ಬರ್ತೇನಿ,” ಅಂದೆ. “ಹಸದಾಕಿ.”