ಚಿಕ್ಕಮ್ಮ ಒಬ್ಬಳೇ ಹಾರಿದ್ದು

ನಮ್ಮ ಚಿಕ್ಕಮ್ಮನಿಗೆ ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಲು ಬರುವುದಿಲ್ಲ. ವಿಮಾನ ಇಳಿಸಲು ಬರುತ್ತದೆ! ನಂಬುವುದಿಲ್ಲವೇ? ನಮ್ಮ ಬೀದಿಯವರೂ ನಂಬಿರಲಿಲ್ಲ. ಭೂಗೋಳದ ಟೀಚರುಗಳು ನಿವೃತ್ತರಾದ ಮೇಲೆ ಯೋಗಕ್ಕೋ ಭಜನೆಗೋ ಸೇರುತ್ತಾರೆ. ಇವಳು ಊರಾಚೆಯ ವಿಮಾನ ತರಬೇತಿ ಶಾಲೆಗೆ ಸೇರಿದಳು. "ಇಷ್ಟು ವರ್ಷ ನಕ್ಷೇಲಿ ಕಡ್ಡಿ ಇಟ್ಟು ತೋರಿಸಿದ್ದಾಯ್ತು. ಸ್ವಲ್ಪ ಮೇಲಿಂದ ನೋಡ್ಕೊಂಡು ಬರ್ತೀನಿ ಬಿಡೇ" ಎಂದಳು.

ಹಾರುವ ಮುನ್ನ ಒಂದೊಂದು ಭಾಗವನ್ನೂ ಬಾಯಿಬಿಟ್ಟು ಹೇಳಿ ಪರೀಕ್ಷಿಸಬೇಕೆಂದು ಅಲ್ಲಿ ಕಲಿಸಿದ್ದರು. ಮನೆಯಲ್ಲಿ ಮಿಕ್ಸಿಗೂ ಅದೇ ಮರ್ಯಾದೆ. "ಕಾಯಿ ಒಳಗಿದೆ. ಮುಚ್ಚಳ ಭದ್ರ. ಸ್ವಿಚ್ ಆಫ್." ಚಟ್ನಿ ತಟ್ಟೆಗೆ ಬರುವಷ್ಟರಲ್ಲಿ ದೋಸೆ ತಣ್ಣಗಾಗಿರುತ್ತಿತ್ತು.

ಇಷ್ಟು ಶಿಸ್ತಿದ್ದರೂ ಒಬ್ಬಳೇ ಹಾರಲು ಅವಳಿಗೆ ಒಪ್ಪಿಗೆ ಸಿಗಲಿಲ್ಲ. ಕಾರಣ ಮಾತು. ಕಂಟ್ರೋಲ್ ಟವರಿನವರೊಂದಿಗೆ ರೇಡಿಯೋದಲ್ಲಿ ಬೇಕಾದಷ್ಟೇ ಮಾತಾಡಬೇಕು. ಆದರೆ ಮನುಷ್ಯರ ದನಿ ಕೇಳಿದ ಮೇಲೆ ಕುಶಲ ವಿಚಾರಿಸದೆ ಇರುವುದು ಹೇಗೆ? "ನಮಸ್ಕಾರ ಸಾರ್, ಊಟ ಆಯ್ತಾ?" ಎಂದಳು.

ಟವರಿನಿಂದ ಉತ್ತರ ಬಂತು: "ಆಯ್ತು ಮೇಡಂ. ನೀವು ಮೊದಲು ಇಳೀರಿ."

ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತಿದ್ದ ಕ್ಯಾಪ್ಟನ್ ನನ್ನ ಬಳಿ ದೂರಿದರು: "ನಿಮ್ಮ ಚಿಕ್ಕಮ್ಮ ಚೆನ್ನಾಗೇ ಓಡಿಸ್ತಾರೆ. ಪಕ್ಕದಲ್ಲಿ ಮಾತಾಡ್ಸೋಕೆ ಯಾರೂ ಇಲ್ದಿದ್ರೆ ಏನ್ ಮಾಡ್ತಾರೋ, ಅದೇ ಗೊತ್ತಾಗ್ತಿಲ್ಲ." ಚಿಕ್ಕಮ್ಮನಿಗೂ ಅದೇ ಅಳುಕು. ಒಬ್ಬಳೇ ಹಾರದಿದ್ದರೆ ಲೈಸೆನ್ಸ್ ಇಲ್ಲ, ಕಲಿತದ್ದೆಲ್ಲ ಅಲ್ಲಿಗೇ ಮುಗಿಯಿತು.

ಕೊನೆಗೂ ಕ್ಯಾಪ್ಟನ್ ಒಪ್ಪಿದರು. ಒಂದು ಸುತ್ತು ಒಬ್ಬಳೇ ಹೋಗಿ ಇಳಿಯಬೇಕು. ಅವತ್ತು ನಾನೂ ಜೊತೆಗೆ ಹೋಗಿದ್ದೆ. ಅವಳು ಮಾಡಿದ ಮೊದಲ ಕೆಲಸವೇನು ಗೊತ್ತೇ? ಚೀಲದಿಂದ ನಿಂಬೆಹಣ್ಣು ತೆಗೆದು ಚಕ್ರಗಳ ಕೆಳಗೆ ಇಟ್ಟಳು. ಕ್ಯಾಪ್ಟನ್ ಓಡಿ ಬಂದರು.

"ಮೇಡಂ, ಇಲ್ಲಿ ಒಂದು ಕಲ್ಲೂ ಬಿದ್ದಿರಬಾರದು ಅಂತ ಗುಡಿಸ್ತೀವಿ. ನೀವು ನೋಡಿದ್ರೆ ನಿಂಬೆಹಣ್ಣು ಇಟ್ಟಿದೀರ."

"ಸೈಕಲ್‌ಗೇ ಇಡ್ತೀವಿ ಸಾರ್. ಇದು ಮೇಲೆ ಹೋಗೋ ಗಾಡಿ."

ಈ ವಾದ ಮುಗಿದದ್ದು ಕ್ಯಾಂಟೀನಿನಲ್ಲಿ. ಹಣ್ಣು ಹಿಂಡಿ ಶರಬತ್ತು ಮಾಡಿಸಿ ಇಬ್ಬರೂ ಕುಡಿದರು.

ಆಮೇಲೆ ಅವಳು ಒಬ್ಬಳೇ ವಿಮಾನ ಹತ್ತಿದಳು. ಕ್ಯಾಪ್ಟನ್ ಕೈಯಲ್ಲೊಂದು ಪುಟ್ಟ ರೇಡಿಯೋ ಹಿಡಿದು ನನ್ನ ಪಕ್ಕ ನಿಂತರು. ವಿಮಾನ ಮೇಲೇರಿತು. ಗಾಬರಿಯಲ್ಲಿ ಅವಳು ರೇಡಿಯೋದಲ್ಲಿ ಮಾತಾಡುವ ಗುಂಡಿಯನ್ನು ಒತ್ತಿಯೇ ಹಿಡಿದಿದ್ದಳು. ಪಕ್ಕದ ಖಾಲಿ ಸೀಟಿಗೆ ಹೇಳುತ್ತಿದ್ದುದೆಲ್ಲ ನಮಗೆ ಕೇಳಿಸಿತು. ಆ ಸೀಟಿನಲ್ಲಿ ಅವಳು ಕೂರಿಸಿಕೊಂಡಿದ್ದುದು ನನ್ನನ್ನು.

"ಬೆಲ್ಟ್ ಹಾಕ್ಕೊಂಡ್ಯೇನೇ ಪುಟ್ಟಿ? ಗಾಳಿಗೆ ಸ್ವಲ್ಪ ಅಲ್ಲಾಡುತ್ತೆ, ಅಷ್ಟೇ. ಹೆದರ್ಕೋಬೇಡ, ನಾನಿದೀನಲ್ಲ." ದನಿ ನಡುಗುತ್ತಿತ್ತು.

ಅಮ್ಮ ತೀರಿಕೊಂಡಾಗ ನಾನಿನ್ನೂ ಎರಡು ಜಡೆಯ ಹುಡುಗಿ. ಚಿಕ್ಕಮ್ಮ ನನ್ನನ್ನು ತನ್ನ ಮನೆಗೆ ಕರೆತಂದು ಇದೇ ಮಾತು ಹೇಳಿದ್ದಳು. ಅದನ್ನು ನಂಬಿಯೇ ನಾನು ಬೆಳೆದೆ. ಅವತ್ತು ಅವಳೂ ಅಕ್ಕನನ್ನು ಕಳೆದುಕೊಂಡು ಹೆದರಿದ್ದಳು, ನನಗೆ ಧೈರ್ಯ ಹೇಳುತ್ತಲೇ ತಾನೂ ಧೈರ್ಯ ತಂದುಕೊಂಡಿದ್ದಳು ಎಂಬುದು ಆ ಮೈದಾನದಲ್ಲಿ ನಿಂತಾಗ ತಿಳಿಯಿತು. ಈ ಋಣ ತೀರಿಸುವಂಥದ್ದಲ್ಲ. ತೀರಿಸುವ ಆಸೆಯೂ ನನಗಿಲ್ಲ.

ವಿಮಾನ ಒಮ್ಮೆ ಪುಟಿದು ನೆಲ ಹಿಡಿಯಿತು. ಅವಳು ಇಳಿದು ಬಂದು ನನ್ನ ಕೈ ಹಿಡಿದಳು.

"ಒಬ್ಳೇ ಹೋಗ್ಬಂದೆ ಕಣೇ."

"ಇಲ್ಲ ಚಿಕ್ಕಮ್ಮ," ಎಂದೆ. "ನಾನೂ ಇದ್ನಲ್ಲ."